ಬಿಚ್ಚದ ಗಂಟಿನ ಬೂದಿ

ಸಂಕ್ರಾಂತಿಯ ಮರುವಾರ ಅವರು ತೀರಿಕೊಂಡರು. ವಾರದ ಮಟ್ಟಿಗೆ ಇದು ಖಚಿತ. ದಿನದ ವಿಷಯದಲ್ಲಿ ಮಾತ್ರ ಅವರ ಸೊಸೆ ಒಂದು ಹೇಳುತ್ತಾರೆ, ಎದುರು ಅಂಗಡಿಯ ಪಂಚರ್ ಹಾಕುವವನು ಇನ್ನೊಂದು ಹೇಳುತ್ತಾನೆ. ಇಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಿದೆ. ಪ್ರಾಣ ಹೋದದ್ದು ಬೆಳಕು ಹರಿಯುವ ಮುನ್ನ. ಸೂರ್ಯೋದಯದಿಂದ ದಿನ ಎಣಿಸುವವರಿಗೆ ಅದು ಹಿಂದಿನ ದಿನ, ನಡುರಾತ್ರಿಯಿಂದ ಎಣಿಸುವವರಿಗೆ ಮರುದಿನ. ಇಬ್ಬರ ಮಾತೂ ಸರಿಯೆಂದು ತೀರ್ಮಾನಿಸಿದ್ದೇನೆ.

ಈ ಬರಹದಲ್ಲಿ ಇಬ್ಬರ ಹೆಸರು ಬರುವುದಿಲ್ಲ. ಒಂದು ಅವರದು. ಗುಂಡ್ಲುಪೇಟೆಯ ಹೆದ್ದಾರಿ ಬದಿಯಲ್ಲಿ ಲಾರಿ ಚಾಲಕರಿಗೆ ಮೆಸ್ ನಡೆಸುತ್ತಿದ್ದ ಆ ಕ್ರೈಸ್ತ ಹೆಂಗಸನ್ನು ಊರಿನವರೆಲ್ಲ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. "ನನ್ ಹೆಸ್ರು ಬರೀಬ್ಯಾಡಿ ಸಾರ್, ಓದ್ದೋರು ಊಟಕ್ಕೆ ಬಂದ್ಬುಟ್ರೆ ಅನ್ನ ಸಾಲಲ್ಲ" ಎಂದು ಅವರೇ ಒಮ್ಮೆ ಹೇಳಿದ್ದರು. ಇನ್ನೊಬ್ಬ, ಚಾಮರಾಜನಗರದ ಹೊರವಲಯದಲ್ಲಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆಯ ಒಡೆಯ. ಅವನನ್ನು ಕಲ್ಲಿನ ಸಾಹುಕಾರನೆಂದು ಕರೆಯುತ್ತೇನೆ. ಅವನ ಹೆಸರನ್ನು ಬಿಟ್ಟದ್ದು ಕರುಣೆಯಿಂದಲ್ಲ. ಅವನು ಒಡೆಸಿದ ಕಲ್ಲಿನ ಮೇಲೆ ಊರಿಗಾಗಿ ಸತ್ತ ಒಬ್ಬನ ಹೆಸರಿತ್ತು. ಆ ಹೆಸರನ್ನು ಇಲ್ಲದಂತೆ ಮಾಡಿದವನ ಹೆಸರು ನನ್ನ ಲೇಖನಿಯಿಂದ ಉಳಿಯಕೂಡದು.

ಶಾಸನಗಳನ್ನು ಓದುವುದು ನನ್ನ ವೃತ್ತಿಯಾಗಿತ್ತು. ನಿವೃತ್ತನಾಗಿ ಗುಂಡ್ಲುಪೇಟೆಗೆ ಬಂದು ನೆಲೆಸಿದ ಮೇಲೆ, ಸುತ್ತಲಿನ ಹಳ್ಳಿಗಳಲ್ಲಿ ಕಲ್ಲು ಹುಡುಕಿ ಅಲೆದ ದಿನಗಳಲ್ಲಿ, ಮಧ್ಯಾಹ್ನದ ಊಟ ಅಕ್ಕನ ಮೆಸ್ಸಿನಲ್ಲಿಯೇ. ನಾನು ಸಸ್ಯಾಹಾರಿ, ಲಿಂಗ ಕಟ್ಟಿದವನು. ಅದನ್ನು ತಿಳಿದು ನನಗಾಗಿ ಬೇರೆ ಒಲೆಯಲ್ಲಿ ಸೊಪ್ಪಿನ ಸಾರು ಮಾಡಿಡುತ್ತಿದ್ದರು. ಕಾಲಿಟ್ಟ ಕೂಡಲೇ ಒಳಗಿನಿಂದ ಕೂಗು ಬರುತ್ತಿತ್ತು: "ಕಲ್ ಸಾರ್ ಬಂದ್ರು, ಮೂಲೆ ಬೆಂಚು ಒರ್ಸ್ರಪ್ಪಾ! ಇವತ್ತು ಯಾವ್ ಕಲ್ಲು ಮಾತಾಡ್ತು ಸಾರ್?"

ಅವರು ಹುಟ್ಟಿದ್ದು ತಮಿಳುನಾಡಿನ ಗಡಿಯ ಹಳ್ಳಿಯೊಂದರಲ್ಲಿ. ಮದುವೆಯಾಗಿ ಬಂದದ್ದು ಯಾವ ವರ್ಷವೆಂಬುದು ಅವರಿಗೇ ತಿಳಿಯದು. ಅವರು ವರ್ಷಗಳನ್ನು ಅಂಕಿಗಳಿಂದ ಗುರುತಿಸುತ್ತಿರಲಿಲ್ಲ. "ಆ ಸಲ ಪಾಸ್ಖ ಹಬ್ಬ ಯುಗಾದಿಗಿಂತ ಮುಂಚೆನೇ ಬಂದ್ಬುಟ್ಟಿತ್ತು" ಎನ್ನುವರು. ಪಾಸ್ಖವೆಂದರೆ ಈಸ್ಟರ್. ನನಗೆ ಅಷ್ಟು ಸಾಕು. ಪಂಚಾಂಗ ತೆಗೆದು ಕೂತರೆ ಅಂಥ ವರ್ಷಗಳು ಬೆರಳೆಣಿಕೆಯಷ್ಟೇ ಸಿಗುತ್ತವೆ. ಹೀಗೆ ಅವರ ಬದುಕಿನ ಹಲವು ಘಟನೆಗಳಿಗೆ ನಾನು ಕಾಲನಿರ್ಣಯ ಮಾಡಿಕೊಟ್ಟಿದ್ದೇನೆ. ಅವರು ಅದನ್ನು ಚಾಲಕರಿಗೆ ಹೆಮ್ಮೆಯಿಂದ ಹೇಳಿ, ಮರುದಿನ ಮರೆಯುತ್ತಿದ್ದರು.

ಭಕ್ತಿಯೆಂಬುದು ಅವರಲ್ಲಿ ಅಡುಗೆಮನೆಯ ಪದಾರ್ಥದಂತೆ ಇತ್ತು: ಕೈಗೆಟುಕುವಲ್ಲಿ, ದಿನಬಳಕೆಗೆ. ಕೇರಳದ ಕಡೆ ಈರುಳ್ಳಿ ಸಾಗಿಸುವ ಬೇಗೂರಿನ ಚಾಲಕನೊಬ್ಬ ಒಂದು ದಿನ ಊಟದ ನಡುವೆ ಕೈಯೊಡ್ಡಿ ಕುಳಿತ.

"ಅಕ್ಕಾ, ಮಗ್ಳಿಗೆ ಒಂದ್ ಸಂಬಂಧ ಬಂದದೆ. ನಿಮ್ ಯೇಸಪ್ಪನ್ನ ಕೇಳಿ ಯೋಳಿ, ಕೊಡ್ಲಾ ಬ್ಯಾಡ್ವಾ?"

"ಹುಡ್ಗನ್ ಊರಿಗೆ ಓಗಿದ್ಯಾ?"

"ಇಲ್ಲ ಕಣಕ್ಕಾ, ಫೋಟೋ ನೋಡಿವ್ನಿ."

"ಹುಡ್ಗಿನ ಕೇಳ್ದ್ಯಾ?"

"ಅವ್ಳನ್ನೇನ್ ಕೇಳದು?"

ಅಕ್ಕ ಸೌಟನ್ನು ಸಾರಿನ ಪಾತ್ರೆಯೊಳಕ್ಕೆ ಬಿಟ್ಟರು. "ಕಾಲೈತೆ, ಓಗಿಲ್ಲ. ಬಾಯೈತೆ, ಕೇಳಿಲ್ಲ. ದೇವ್ರು ಕೊಟ್ಟಿರೋದ್ನ ಹಂಗೇ ಇಟ್ಕೊಂಡು ಮತ್ತೆ ಅವ್ನ ಬಾಗ್ಲು ತಟ್ತೀಯಲ್ಲೋ, ನಾಚ್ಕೆ ಆಗಲ್ವಾ? ಮೊದ್ಲು ಆ ಎರಡ್ ಕೆಲ್ಸ ಮಾಡ್ಕೊಂಡ್ ಬಾ. ಆಮೇಲೂ ಗೊತ್ತಾಗ್ದಿದ್ರೆ ಇಬ್ರೂ ಕೂತು ಪ್ರಾರ್ಥನೆ ಮಾಡನ. ಈಗ ಉಣ್ಣು."

ಅವನು ಹೋಗಿ ಬಂದ, ಮಗಳನ್ನೂ ಕೇಳಿದ. ಪ್ರಾರ್ಥನೆಯ ಅಗತ್ಯ ಬೀಳಲಿಲ್ಲ. ಸಂಬಂಧ ಮುರಿದು ಸಿಹಿ ತಂದುಕೊಟ್ಟ.

ಕುಡಿದು ಬಂದವರ ವಿಷಯದಲ್ಲಿಯೂ ಅವರದೊಂದು ಕ್ರಮವಿತ್ತು. ಒಳಗೆ ಬಿಡುತ್ತಿರಲಿಲ್ಲ, ಹಸಿದು ಕಳಿಸುತ್ತಲೂ ಇರಲಿಲ್ಲ. ಎಲೆಯಲ್ಲಿ ಕಟ್ಟಿ ಕಿಟಕಿಯಿಂದ ಕೊಡುವರು. "ಹಸಿವಿಗೆ ಅನ್ನ ಐತೆ, ಕುಡಿತಕ್ಕೆ ಬೆಂಚಿಲ್ಲ." ಇದು ನಿಷ್ಠುರವೆಂದು ಒಬ್ಬ ವಾದಿಸಿದಾಗ, "ಯೇಸುಸ್ವಾಮಿ ಎಲ್ರ ಜತೆ ಊಟಕ್ಕೆ ಕೂತ ಕಣಪ್ಪಾ, ದಿಟ. ಆದ್ರೆ ಪಾತ್ರೆ ತೊಳ್ಯೋರು ಯಾರು ಅಂತ ಅವನ್ನೂ ಒಂದ್ ಮಾತು ಕೇಳ್ಬೇಕು" ಎಂದು ನಕ್ಕಿದ್ದರು.

ಇನ್ನು ಗರಿಯ ವಿಷಯ. ಅವರನ್ನು ಬಲ್ಲವರು ಮೊದಲು ನೆನೆಯುವುದು ಅದನ್ನೇ.

ಪಾಸ್ಖ ಹಬ್ಬಕ್ಕೆ ಮುಂಚಿನ ಭಾನುವಾರ ಅವರ ಚರ್ಚಿನಲ್ಲಿ ತೆಂಗಿನ ಎಳೆಗರಿಗಳನ್ನು ಮಂತ್ರಿಸಿ ಹಂಚುತ್ತಾರೆ. ಜನ ಅದನ್ನು ಮನೆಗೆ ತಂದು ವರ್ಷವಿಡೀ ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಾರೆ. ಮರುವರ್ಷ ಉಪವಾಸದ ಕಾಲ ಮೊದಲಾಗುವ ಮುನ್ನ ಒಣಗಿದ ಗರಿಗಳನ್ನು ಚರ್ಚಿಗೆ ಹಿಂದಿರುಗಿಸಬೇಕು. ಅವುಗಳನ್ನು ಸುಟ್ಟ ಬೂದಿಯನ್ನೇ ವಿಭೂತಿ ಬುಧವಾರದಂದು ಎಲ್ಲರ ಹಣೆಗೂ ಇಡುತ್ತಾರೆ. ಆ ದಿನ ಹಣೆಯ ಬೂದಿಯೊಡನೆಯೇ ಅಕ್ಕ ನನಗೆ ಬಡಿಸುತ್ತಿದ್ದರು. "ನೀವು ದಿನಾ ಹಚ್ಕೋತೀರಿ, ನಾವು ವರ್ಷಕ್ಕೊಂದ್ಸಲ. ಮಣ್ಣಾಗೋದು ಇಬ್ರೂ ಒಂದೇ ತರ ಅಲ್ವಾ ಸಾರ್?"

ಪಟದ ಹಿಂದೆ ಗರಿ ಇಡುವುದು ಎಲ್ಲರ ರೂಢಿ. ಅದರಲ್ಲಿ ಗಂಟು ಹಾಕುವುದು ಅಕ್ಕನದೊಬ್ಬರದೇ. ಯಾರ ಮೇಲಾದರೂ ಸಿಟ್ಟು ಬಂದರೆ, ಯಾರಾದರೂ ಅನ್ಯಾಯ ಮಾಡಿದರೆ, ಅವರು ಬಾಯಿ ತೆರೆಯುತ್ತಿರಲಿಲ್ಲ. ಒಳಗೆ ಹೋಗಿ ಗರಿಯ ಒಂದು ಎಳೆಗೆ ಗಂಟು ಹಾಕಿ ಬರುವರು. "ಇವತ್ತಿನ್ ಸಿಟ್ಟಿಗೆ ಇವತ್ತೇ ಕೆಲ್ಸ ಕೊಡ್ಬಾರ್ದು ಸಾರ್" ಎಂಬುದು ಅವರ ಮಾತು. ಶುಕ್ರವಾರ ಸಂಜೆ ಪ್ರಾರ್ಥನೆಯ ನಂತರ ಗರಿಯನ್ನು ತೊಡೆಯ ಮೇಲಿಟ್ಟುಕೊಂಡು ಗಂಟುಗಳನ್ನು ಮುಟ್ಟಿ ನೋಡುವರು. ಮನಸ್ಸು ತಿಳಿಯಾಗಿದ್ದರೆ ಬಿಚ್ಚುವರು. ಆಗದಿದ್ದರೆ ಆ ಮನುಷ್ಯನ ಬಳಿಗೇ ಹೋಗಿ ಮುಖಕ್ಕೆ ಮುಖ ಕೊಟ್ಟು ಕೇಳಿಬರುವರು. ಒಣಗಿದ ಗರಿಯನ್ನು ಜಗ್ಗಿದರೆ ಗಂಟು ಬಿಡುವುದಿಲ್ಲ, ಎಳೆಯೇ ಹರಿಯುತ್ತದೆ. ಮೊದಲು ನೀರಿನಲ್ಲಿ ನೆನೆಸಬೇಕು. ಆದ್ದರಿಂದ ಅವರ ಮನೆಯಲ್ಲಿ ಕ್ಷಮೆಗೆ ಒಂದು ತಂಬಿಗೆ ನೀರೂ ಒಂದಿಷ್ಟು ಹೊತ್ತೂ ಬೇಕಾಗುತ್ತಿತ್ತು.

ಗರಿ ಸುಟ್ಟ ಮೇಲೆ ಹೊಸ ಗರಿ ಬರುವ ತನಕದ ಉಪವಾಸದ ದಿನಗಳಲ್ಲಿ ಏನು ಮಾಡುತ್ತೀರಿ ಎಂದು ಕೇಳಿದ್ದೆ.

"ಆವಾಗ ಸಿಟ್ಟು ಮಾಡ್ಕೊಳಂಗೇ ಇಲ್ಲ ಸಾರ್. ಇಡಾಕೆ ಜಾಗ ಎಲ್ಲೈತೆ?"

ಇಷ್ಟು ಹೇಳಿದ ಮೇಲೆ ಕಲ್ಲಿನ ಸಂಗತಿಗೆ ಬರಬಹುದು.

ಬೇಗೂರಿನಾಚೆ, ಸೂರ್ಯಕಾಂತಿ ಹೊಲವೊಂದರ ಬದುವಿನಲ್ಲಿ ಒಂದು ವೀರಗಲ್ಲು ಅರ್ಧ ಹೂತು ನಿಂತಿತ್ತು. ಕಳ್ಳರು ಹೊಡೆದುಕೊಂಡು ಹೋದ ಊರ ದನಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು. ಮೇಲಿನ ಪಟ್ಟಿಯ ಅಕ್ಷರಗಳನ್ನು ಓದಿದ್ದೆ. ವೀರನ ಹೆಸರೂ ಅವನ ತಂದೆಯ ಹೆಸರೂ ಅದರಲ್ಲಿದ್ದವು. ಕಾಲಸೂಚನೆ ಇರಬೇಕಾದದ್ದು ಮಣ್ಣಿನೊಳಗಿನ ಪಟ್ಟಿಯಲ್ಲಿ. ಅಕ್ಷರದ ರೂಪದಿಂದ ಕಾಲವನ್ನು ಊಹಿಸಬಹುದಿತ್ತು, ಆದರೆ ಊಹೆಯನ್ನು ನಾನು ಎಂದೂ ಕಾಲವೆಂದು ಒಪ್ಪಿದವನಲ್ಲ. ಆ ಹೊಲವನ್ನು ಕಲ್ಲಿನ ಸಾಹುಕಾರ ಕೊಂಡಿದ್ದ. ಅಗೆಯಲು ಅನುಮತಿ ಕೇಳಿ ಅವನ ಕಾರ್ಖಾನೆಗೆ ಹೋದೆ. ಕಾಫಿ ತರಿಸಿದ.

"ಬೆಳೆ ನಿಂತದಲ್ಲಾ ಸಾರ್. ಕುಯ್ಲಾಗ್ಲಿ, ನಾನೇ ಆಳು ಕೊಟ್ಟು ಅಗೆಸ್ಕೊಡ್ತೀನಿ. ನನ್ ಮಾತು ಅಂದ್ರೆ ಮಾತು." ಬಾಗಿಲ ತನಕ ಬಂದು, ಮೆಲ್ಲಗೆ ಕೇಳಿದ: "ಒಂದೇಳೆ ದೊಡ್ ಕಲ್ಲು ಅಂತಾದ್ರೆ, ಸರ್ಕಾರ್ದೋರು ಬಂದು ಸುತ್ತ ಬೇಲಿ ಆಕ್ತಾರಾ?"

ಹಾಗೇನೂ ಆಗದೆಂದು ಭರವಸೆ ಕೊಟ್ಟೆ. ಅವನು ನಂಬಲಿಲ್ಲವೆಂಬುದು ಕೊಯ್ಲು ಮುಗಿದ ಮೇಲೆ ತಿಳಿಯಿತು. ಅವನು ಅಗೆಸಿದ್ದು ನಿಜ, ಜೆಸಿಬಿ ತರಿಸಿ. ಅಕ್ಷರಗಳ ಅಚ್ಚು ತೆಗೆಯಲು ನಾನು ಕಾಗದ, ಮಸಿ, ಕುಂಚಗಳನ್ನು ಹೊತ್ತು ಹೋದಾಗ ಬದುವಿನಲ್ಲಿ ಕುಳಿಯಿತ್ತು. ಕುಳಿಯ ಅಂಚಿನಲ್ಲಿ ದನದ ಕೊಂಬಿನಷ್ಟು ಚಿತ್ರವಿದ್ದ ಒಂದು ಚಕ್ಕೆ ಬಿದ್ದಿತ್ತು. ಉಳಿದ ತುಂಡುಗಳು ಅವನ ಹೊಸ ಕಾಂಪೌಂಡಿನ ಪಾಯ ಸೇರಿದ್ದವು.

ಆ ಚಕ್ಕೆ ನನ್ನ ಮೇಜಿನ ಮೇಲಿದೆ. ಅದನ್ನು ನೋಡದೆ ನಾನು ಒಂದು ದಿನವೂ ಬರೆಯಲು ಕೂತಿಲ್ಲ.

ಇಲಾಖೆಗೆ ದೂರು ಕೊಟ್ಟೆ. ತಾನು ಹೊಲ ಕೊಳ್ಳುವಾಗಲೇ ಕಲ್ಲು ತುಂಡಾಗಿ ಬಿದ್ದಿತ್ತೆಂದು ಸಾಹುಕಾರ ಹೇಳಿಕೆ ಕೊಟ್ಟ. ದೂರು ಕೊಟ್ಟ ನನ್ನ ಮಾತೊಂದೇ ಸಾಲದೆ ಬೇರೆ ಸಾಕ್ಷಿ ಬೇಕಾಯಿತು. ತರಕಾರಿಗೆಂದು ದಿನಾ ಬೆಳಿಗ್ಗೆ ಬೇಗೂರಿನ ಹೊಲಗಳಿಗೆ ಹೋಗುತ್ತಿದ್ದ ಅಕ್ಕ, ತುಂಡುಗಳನ್ನು ಸಾಗಿಸಿದ ದಿನ ಆ ಬದುವಿನ ಎದುರೇ ಬಸ್ಸಿಗೆ ಕಾದಿದ್ದರು. ಅವನ ಟ್ರ್ಯಾಕ್ಟರಿಗೆ ಕೆತ್ತನೆಯ ತುಂಡುಗಳನ್ನು ತುಂಬುತ್ತಿದ್ದುದನ್ನು ಕಣ್ಣಾರೆ ಕಂಡಿದ್ದರು. ಅವನು ಅವರ ಚರ್ಚಿನ ಹಿರಿಯ. ಹಬ್ಬದ ಊಟದ ಅಡುಗೆ ಯಾರಿಗೆಂದು ನಿರ್ಧರಿಸುವವನೂ ಅವನೇ. ಆ ಅಡುಗೆಯ ಗೌರವ ಮೊದಲಿನಿಂದ ಅಕ್ಕನಿಗಿತ್ತು. ವರ್ಷಕ್ಕೊಮ್ಮೆ ದೊಡ್ಡ ಹಂಡೆಗಳ ನಡುವೆ ಸೆರಗು ಬಿಗಿದು ನಿಲ್ಲುವ ಆ ದಿನಕ್ಕಾಗಿ ಅವರು ವರ್ಷವಿಡೀ ಮಸಾಲೆ ಒಣಗಿಸುತ್ತಿದ್ದರು.

ಆದರೂ ಸಾಕ್ಷಿ ಹೇಳಲು ಒಪ್ಪಿದರು. ನಾನು ಇನ್ನೂ ಒಂದು ಕೇಳಿದೆ.

"ಅಕ್ಕ, ಒಂದೇ ವಾಕ್ಯ ಸೇರಿಸಿ. ಇಡೀ ಕಲ್ಲು ನಿಂತಿತ್ತು, ಅವನೇ ಎದುರು ನಿಂತು ಒಡೆಸಿದ ಎಂದು. ನಡೆದದ್ದು ಹಾಗೆಯೇ ಅಲ್ಲವೇ?"

"ನಡೆದಿರ್ಬೋದು ಸಾರ್. ನಾನ್ ನೋಡ್ಲಿಲ್ಲ."

"ತುಂಡು ಹೊತ್ತವನೇ ಒಡೆದವನು. ಇದಕ್ಕೆ ತರ್ಕ ಬೇಕೇ?"

"ತರ್ಕ ನೀವು ಯೋಳಿ, ಓದ್ದೋರು. ನನ್ನ ಕೇಳೋದು ಕಣ್ಣು ಕಂಡದ್ದು."

"ಅವನು ಸುಳ್ಳು ಹೇಳುತ್ತಿದ್ದಾನೆ!"

"ಅವ್ನ ಸುಳ್ಳು ಅವನ್ದು. ನಾನೂ ಒಂದು ಯೋಳಿ ಇಬ್ರೂ ಒಂದೇ ಬೆಂಚಿನ್ಮ್ಯಾಲೆ ಕೂತ್ಕಳದಾ?" ಸೆರಗಿನಲ್ಲಿ ಕೈ ಒರೆಸಿಕೊಂಡರು. "ಸಾರ್, ದಿನಾ ಮನಿಕ್ಕೊಳೋ ಮುಂಚೆ ಅವತ್ತಿಂದೆಲ್ಲ ದೇವ್ರಿಗೆ ಒಪ್ಪಿಸ್ತೀನಿ. ಈ ಒಂದ್ ಮಾತ್ನ ಹೆಂಗೊಪ್ಪಿಸ್ಲಿ? ಯೋಳ್ಕೊಡಿ, ಯೋಳ್ಬುಡ್ತೀನಿ."

ನನ್ನ ಮುಖ ನೋಡಿ ಅವರು ಒಳಗೆ ಹೋದರು. ಗರಿಯನ್ನು ಹಿಡಿದು ಬಂದರು. ನನ್ನೆದುರೇ ಒಂದು ಎಳೆಗೆ ಗಂಟು ಹಾಕಿದರು. "ಇದು ನಂದಲ್ಲ ಸಾರ್. ನಿಮ್ದು. ನಿಮ್ ಸಿಟ್ಟು ಇಲ್ಲಿರ್ಲಿ, ಎದೇಲಿ ಬ್ಯಾಡ. ಬಿಚ್ಬೇಕು ಅನ್ಸಿದ್ ದಿನ ಬನ್ನಿ, ನೀರು ಕೊಡ್ತೀನಿ."

ವಿಚಾರಣೆಯ ದಿನ ಗುಂಡ್ಲುಪೇಟೆಯ ಕಚೇರಿಯಲ್ಲಿ ಅಧಿಕಾರಿ ಎರಡು ಬಗೆಯಲ್ಲಿ ಕೇಳಿದರು, ಅವರು ಎರಡು ಸಲವೂ ಅದನ್ನೇ ಹೇಳಿದರು. "ಇವ್ರ ಟ್ರ್ಯಾಕ್ಟರ್‌ಗೆ ತುಂಬ್ತಿದ್ರು, ನೋಡ್ದೆ. ತುಂಡ್ನಲ್ಲಿ ದನದ್ ಚಿತ್ರ ಇತ್ತು, ನೋಡ್ದೆ. ಒಡೆಯೋದು ನೋಡ್ಲಿಲ್ಲ." ಎದುರಿಗೆ ಸಾಹುಕಾರ ಮೀಸೆಯ ಅಡಿಯಲ್ಲಿ ನಗುತ್ತಿದ್ದ. ಒಡೆದವನಾರೆಂದು ಸಾಬೀತಾಗದ್ದರಿಂದ ದೂರು ಮುಕ್ತಾಯವಾಯಿತು. ನಾನು ಕೇಳಿದ ಆ ಒಂದು ವಾಕ್ಯವಿದ್ದಿದ್ದರೆ ಅವನು ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿದ್ದ. ಇಂದು ಕೇಳಿದರೂ ನಾನು ಆ ವಾಕ್ಯವನ್ನೇ ಕೇಳುವೆನು. ಈ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ.

ಪರಿಣಾಮವನ್ನು ಅಕ್ಕ ಎರಡೂ ಕಡೆಯಿಂದ ಅನುಭವಿಸಿದರು. ತುಂಡು ಸಾಗಿಸಿದ್ದನ್ನು ಹೇಳಿದ್ದಕ್ಕೇ ಸಾಹುಕಾರನಿಗೆ ಕೋಪ. ಅವನ ಲಾರಿಗಳು ಮೆಸ್ಸಿನ ಮುಂದೆ ನಿಲ್ಲುವುದನ್ನು ಬಿಟ್ಟವು. ಹಬ್ಬದ ಅಡುಗೆ ಮೈಸೂರಿನ ಕೇಟರಿಂಗಿನವರ ಪಾಲಾಯಿತು. ಆ ಹಬ್ಬದ ದಿನ ಅಕ್ಕ ಉಳಿದವರೊಡನೆ ಪಂಕ್ತಿಯಲ್ಲಿ ಕುಳಿತು, ಬಡಿಸಿದ್ದನ್ನು ಉಂಡು, ಅನ್ನ ಅರಳಿಲ್ಲವೆಂದು ಸೊಸೆಯ ಕಿವಿಯಲ್ಲಿ ಮಾತ್ರ ಹೇಳಿ ಎದ್ದು ಬಂದರಂತೆ. ಇತ್ತ ನಾನೂ ಮೆಸ್ಸಿಗೆ ಹೋಗುವುದನ್ನು ನಿಲ್ಲಿಸಿದ್ದೆ.

ಸಂತೆಮರಹಳ್ಳಿಯ ಸಂತೆಯಲ್ಲಿ ಒಣಮೆಣಸಿನಕಾಯಿಯ ರಾಶಿಯ ಆಚೆಯಿಂದ ಒಮ್ಮೆ ದನಿ ಬಂತು: "ಕಲ್ ಸಾರ್! ನಿಮ್ ಮುನಿಸು ನನ್ ಮ್ಯಾಲಾ, ಸೊಪ್ಪಿನ್ ಸಾರಿನ್ ಮ್ಯಾಲಾ? ನನ್ ಮ್ಯಾಲಾದ್ರೆ ಸಾರೇನ್ ತಪ್ಪು ಮಾಡ್ತು?"

ವ್ಯಾಪಾರದವರೆಲ್ಲ ನಕ್ಕರು. ಮರುದಿನ ಹೋದೆ. ಮೂಲೆಯ ಬೆಂಚು ಒರೆಸಿತ್ತು.

"ಅವನೊಡನೆ ಒಂದೇ ಚರ್ಚಿನಲ್ಲಿ ಹೇಗೆ ಕೂರುತ್ತೀರಿ?" ಎಂದು ಕೇಳಿದೆ.

"ಚರ್ಚು ಅವನ್ದಲ್ವಲ್ಲ ಸಾರ್." ಸೊಪ್ಪು ಬಡಿಸುತ್ತ ಹೇಳಿದರು: "ನಾನೂ ಒಂದ್ ಗಂಟು ಹಾಕಿದ್ದೆ. ಬಿಚ್ಚಕ್ಕಾಗ್ಲಿಲ್ಲ, ಅವ್ನ್ ಮನೇಗೇ ಓದೆ. 'ಪಾಯದಲ್ಲಿರೋ ತುಂಡ್ನ ತೆಗ್ದು ಸಾರ್‌ಗೆ ಕೊಡಪ್ಪಾ, ನೀನ್ ಮಾಡಿದ್ದು ತಪ್ಪು' ಅಂದೆ. ಆಗಲ್ಲ ಅಂದ. ಬಂದೆ, ನೆನೆಸ್ದೆ, ಬಿಚ್ದೆ."

"ಅವನು ಕೊಡಲಿಲ್ಲವಲ್ಲ! ಮತ್ತೆ ಬಿಚ್ಚಿದ್ದೇಕೆ?"

"ಕೇಳೋದು ನನ್ ಪಾಲಿಂದು, ಕೊಡೋದು ಅವನ್ ಪಾಲಿಂದು. ನನ್ ಪಾಲಿಂದು ಮುಗೀತು." ಆಮೇಲೆ ಗರಿಯ ಕಡೆಗೆ ತಲೆಯಾಡಿಸಿದರು. "ನಿಮ್ದು?"

"ಇರಲಿ."

ಪ್ರತಿ ವರ್ಷ ಗರಿಯನ್ನು ಚರ್ಚಿಗೆ ಹಿಂದಿರುಗಿಸುವ ಮುನ್ನ ಅವರು ಒಂದು ತಂಬಿಗೆ ನೀರನ್ನು ನನ್ನ ಊಟದೆಲೆಯ ಪಕ್ಕ ತಂದಿಡುತ್ತಿದ್ದರು. "ಬಿಚ್ತೀರಾ ಸಾರ್?" "ಇಲ್ಲ." ಗಂಟು ಗಂಟಾಗಿಯೇ ಹೋಗಿ ಸುಡುತ್ತಿತ್ತು. ಹೊಸ ಗರಿ ಬಂದ ಭಾನುವಾರ, ಬೇರೆ ಯಾರ ಗಂಟೂ ಇಲ್ಲದ ಹಸಿ ಎಳೆಯಲ್ಲಿ, ಮೊದಲಿಗೆ ನನ್ನದನ್ನು ಹಾಕುತ್ತಿದ್ದರು. ಅವರು ಒಮ್ಮೆಯೂ ಬುದ್ಧಿ ಹೇಳಲಿಲ್ಲ. ಹೇಳಿದ್ದರೆ ನನ್ನಲ್ಲಿ ಉತ್ತರ ಸಿದ್ಧವಿತ್ತು.

ಅವರನ್ನು ಮಣ್ಣು ಮಾಡಿದ ದಿನ ಸಾಹುಕಾರ ಹೂವಿನ ಹಾರದೊಡನೆ ಬಂದಿದ್ದ. ಎಲ್ಲರಂತೆ ಬಗ್ಗಿ ಒಂದು ಹಿಡಿ ಮಣ್ಣು ಹಾಕಿ, "ಸತ್ಯವಂತೆ" ಎಂದ. ಆ ಸತ್ಯದಿಂದ ಬದುಕಿಕೊಂಡವನು ಅವನು. ಎಲ್ಲರೆದುರು ಅವನ ಮುಖಕ್ಕೆ ಅದನ್ನು ಹೇಳಬೇಕೆಂದು ನನ್ನ ನಾಲಗೆ ತುದಿಗೆ ಬಂದಿತ್ತು. ಆಗ ಸೊಸೆ ಬಂದು ನನ್ನ ಕೈಗೆ ಒಣಗಿದ ಗರಿಯನ್ನು ಕೊಟ್ಟರು.

"ಅತ್ತೆ ಅವ್ರದ್ದೆಲ್ಲ ಬಿಚ್ಕೊಂಡೇ ಓದ್ರು ಸಾರ್. ಇದೊಂದು ಉಳ್ದದೆ. 'ಸಾರ್‌ದು ಸಾರ್‌ಗೇ ಕೊಡು, ಬಿಚ್ಚಿದ್ರೂ ಬುಟ್ರೂ ಚರ್ಚಿಗೆ ಅವ್ರೇ ತಂದುಕೊಡ್ಲಿ' ಅಂದಿದ್ರು."

ಬಿಚ್ಚಿದ ಎಳೆಗಳಲ್ಲೆಲ್ಲ ಮಡಿಕೆಯ ಗುರುತು ಮಾತ್ರ. ಒಂದರಲ್ಲಿ ಗಂಟು.

ಮನೆಯಲ್ಲಿ ಅದನ್ನು ಕಲ್ಲಿನ ಚಕ್ಕೆಯ ಪಕ್ಕ ಇಟ್ಟುಕೊಂಡೆ. ಒಂದು ದಿನ ತಂಬಿಗೆಯಲ್ಲಿ ನೀರನ್ನೂ ತಂದಿಟ್ಟೆ. ಚಕ್ಕೆಯನ್ನು ನೋಡಿದೆ, ಪಾಯದೊಳಗಿನ ಆ ಓದದ ಸಾಲನ್ನು ನೆನೆದೆ. ನೀರನ್ನು ತುಳಸಿಗೆ ಸುರಿದೆ.

ಗರಿಗಳನ್ನು ಸುಡುವ ಮುನ್ನ ಚಾಮರಾಜನಗರದ ದಾರಿಯಲ್ಲಿರುವ ಅವರ ಚರ್ಚಿಗೆ ಹೋಗಿ ಅದನ್ನು ಗಂಟಿನೊಡನೆಯೇ ಗುರುಗಳ ಕೈಗೆ ಕೊಟ್ಟೆ. ಅವರು ಗಂಟನ್ನು ನೋಡಿ, ಗರಿಯನ್ನು ಉಳಿದವುಗಳ ರಾಶಿಗೆ ಸೇರಿಸಿದರು. ವಿಭೂತಿ ಬುಧವಾರದಂದು ಮತ್ತೆ ಹೋಗಿ ಹಿಂದಿನ ಬಾಗಿಲ ಬಳಿ ನಿಂತೆ. ನನ್ನ ಹಣೆಯಲ್ಲಿ ಬೆಳಗಿನ ಪೂಜೆಯ ವಿಭೂತಿ. ಜನ ಸಾಲಾಗಿ ಮುಂದೆ ಸಾಗಿದರು. ಕಲ್ಲಿನ ಸಾಹುಕಾರನ ಸರದಿ ಬಂತು. ಗುರುಗಳು ಬೂದಿಯಲ್ಲಿ ಬೆರಳದ್ದಿದರು, ನೀನು ಮಣ್ಣೆಂದು ನೆನಪಿಸಿದರು. ಅವನು ತಲೆ ಬಾಗಿಸಿದ.

ಆ ಕ್ಷಣದ ಸಂತೋಷವನ್ನು ನಾನು ಬಚ್ಚಿಡುವುದಿಲ್ಲ. ನ್ಯಾಯಾಲಯ ಕಾಣದ ತಲೆ, ಅಧಿಕಾರಿ ಬಾಗಿಸದ ತಲೆ. ನನ್ನ ಬಿಚ್ಚದ ಗಂಟಿನ ಬೂದಿ ಅವನ ಹಣೆಯ ನಡುವೆ ಇತ್ತು. ಅವನು ಅದನ್ನು ಒರೆಸಿಕೊಳ್ಳದೆ ಇಡೀ ದಿನ ಊರಲ್ಲಿ ತಿರುಗುವನು. ಇದು ಈ ವರ್ಷ ಮಾತ್ರವಲ್ಲ, ಪ್ರತಿ ವರ್ಷವೂ ನಡೆದಿತ್ತೆಂಬುದು ಹೊಳೆದಾಗ ಸಂತೋಷ ಇಮ್ಮಡಿಯಾಯಿತು.

ಅಷ್ಟರಲ್ಲಿ ಅಕ್ಕನ ಸೊಸೆ ಸಾಲಿನಿಂದ ಹಿಂದಿರುಗಿ ನನ್ನ ಮುಂದೆ ಹಾದರು. ಅವರ ಹಣೆಯಲ್ಲಿಯೂ ಅದೇ ಬೂದಿ. "ಊಟಕ್ಕೆ ಬನ್ನಿ ಸಾರ್, ಸೊಪ್ಪಿನ್ ಸಾರು ಮಾಡಿವ್ನಿ" ಎಂದರು.

ಮನೆಗೆ ಬಂದವನು ಪಂಚಾಂಗಗಳನ್ನು ತೆಗೆದು ಕುಳಿತೆ. ದೂರಿನ ವರ್ಷದಿಂದ ಮೊದಲ್ಗೊಂಡು ಕಳೆದ ವರ್ಷದ ತನಕದ ಪ್ರತಿಯೊಂದು ವಿಭೂತಿ ಬುಧವಾರವನ್ನೂ ಗುರುತಿಸಿ, ಆ ದಿನ ನಾನೆಲ್ಲಿದ್ದೆನೆಂದು ನನ್ನ ದಿನಚರಿಯೊಡನೆ ತಾಳೆ ನೋಡಿದೆ. ಮುನಿಸಿನ ಮೊದಲ ವರ್ಷವೊಂದನ್ನು ಬಿಟ್ಟರೆ, ಎಲ್ಲ ವರ್ಷವೂ ಆ ದಿನ ನಾನು ಮೂಲೆಯ ಬೆಂಚಿನಲ್ಲಿದ್ದೆ. ಅಕ್ಕ ಎದುರು ನಿಂತು ಬಡಿಸಿದ್ದರು. ಅವರ ಹಣೆಯಲ್ಲಿ ನನ್ನ ಗಂಟಿನ ಬೂದಿ.

ಸಾಹುಕಾರನನ್ನು ನಾನು ಕ್ಷಮಿಸಿಲ್ಲ. ಬರುವ ಗರಿಯ ಭಾನುವಾರ ಒಂದು ಎಳೆ ನನಗೂ ತೆಗೆದಿಡಬೇಕೆಂದು ಸೊಸೆಗೆ ಹೇಳಿದ್ದೇನೆ. ಗಂಟನ್ನು ಈ ಸಲ ನಾನೇ ಹಾಕುತ್ತೇನೆ. ಅದು ಗಂಟಾಗಿಯೇ ಸುಟ್ಟರೆ, ಮರುವರ್ಷ ಬಾಗಿಲ ಬಳಿ ನಿಲ್ಲದೆ ಸಾಲಿನಲ್ಲಿ ಸೇರಿ ಆ ಬೂದಿಗೆ ನನ್ನ ಹಣೆಯನ್ನೂ ಒಡ್ಡುವುದೆಂದು ನಿಶ್ಚಯಿಸಿದ್ದೇನೆ, ಗುರುಗಳು ಒಪ್ಪಿದರೆ, ಕಲ್ಲಿನ ಸಾಹುಕಾರನ ಹಿಂದೆಯೇ.